ಕಡಿಮೆ ಬೆಲೆಯ ಮದರ್‌ಬೋರ್ಡ್, ಹೆಚ್ಚು ವೇಗದ ಆಸೆ: ಆಯ್ಕೆಯ ಲೆಕ್ಕ

ನಮ್ಮ ಕಾಲೇಜಿನ ವಿಜ್ಞಾನ ವಿಭಾಗದವರು ಕಂಪ್ಯೂಟರ್ ಬಗ್ಗೆ ಬರೆದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ವಾಣಿಜ್ಯ ವಿಭಾಗದ ನಾನು ಮದರ್‌ಬೋರ್ಡ್ ಬಗ್ಗೆ ಬರೆಯಲು ಒಂದು ಕಾರಣವಿದೆ. ಇದು ಅರ್ಧ ವಿದ್ಯುತ್ತಿನ ವಿಷಯವಾದರೆ ಇನ್ನರ್ಧ ಹಣದ ವಿಷಯ. ಈಚೆಗೆ ನಮ್ಮ ಮನೆಯಲ್ಲಿ ಹಳೆಯ ಕಂಪ್ಯೂಟರನ್ನು ಅಪ್‌ಗ್ರೇಡ್ ಮಾಡುವ ಪ್ರಶ್ನೆ ಬಂದಾಗ ತರಗತಿಯಲ್ಲಿ ಓದಿದ ಅವಕಾಶ ವೆಚ್ಚ, ಸೀಮಾಂತ ಲಾಭ ಎಂಬ ಮಾತುಗಳೇ ನನಗೆ ಹೆಚ್ಚು ಉಪಯೋಗಕ್ಕೆ ಬಂದವು.

ನಮ್ಮ ಮನೆಯ ಕಂಪ್ಯೂಟರ್ ಆಟಕ್ಕೆ ಇಟ್ಟಿದ್ದಲ್ಲ. ಆಪಾ ಅದರಲ್ಲಿ ಉರ್ದು ಮತ್ತು ಕನ್ನಡ ಮದುವೆ ಕಾರ್ಡುಗಳ ವಿನ್ಯಾಸ ಮಾಡುತ್ತಾರೆ, ನಿಕಾಹ್ ವಿಡಿಯೊಗಳನ್ನು ಎಡಿಟ್ ಮಾಡಿಕೊಡುತ್ತಾರೆ. ರಂಜಾನ್ ತಿಂಗಳಲ್ಲಿ ಈ ಕೆಲಸ ಕಡಿಮೆ. ಈದ್ ಮುಗಿದ ಕೂಡಲೇ ಮದುವೆಗಳ ಸಾಲು ಶುರುವಾಗುತ್ತದೆ. ಆ ದಿನಗಳಲ್ಲಿ ಯಂತ್ರ ಕೈಕೊಟ್ಟರೆ ಆಪಾರ ಸಂಪಾದನೆ ನಿಲ್ಲುತ್ತದೆ, ಮಾತು ಕೊಟ್ಟ ಗಿರಾಕಿಯೂ ಹೋಗುತ್ತಾರೆ. ಅಮ್ಮಿಯ ಚೀಟಿ ಹಣದಲ್ಲಿ ನಮಗೆ ಸಿಕ್ಕಿದ್ದು 9,000 ರೂಪಾಯಿ. ಬಡ್ಡಿಯ ಕಂತಿಗೆ ವಸ್ತು ಕೊಳ್ಳುವ ರೂಢಿ ನಮ್ಮಲ್ಲಿಲ್ಲ. ಆದ್ದರಿಂದ ಆ ಮೊತ್ತವೇ ನಮ್ಮ ಗಡಿ. ಇಷ್ಟರಲ್ಲಿ ಓವರ್‌ಕ್ಲಾಕ್ ಮಾಡಬಲ್ಲ ಮದರ್‌ಬೋರ್ಡ್ ಆರಿಸುವುದು ಹೇಗೆ ಎಂಬುದೇ ಈ ಪಾಠ.

ಓವರ್‌ಕ್ಲಾಕ್ ಎಂದರೇನು?

ಪ್ರೊಸೆಸರ್ ಒಂದು ತಾಳಕ್ಕೆ ಸರಿಯಾಗಿ ಕೆಲಸ ಮಾಡುತ್ತದೆ. 3.5 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 350 ಕೋಟಿ ತಾಳ. ಬೋರ್ಡ್ ಕೊಡುವ ಮೂಲ ತಾಳ ಸಾಮಾನ್ಯವಾಗಿ 100 ಮೆಗಾಹರ್ಟ್ಸ್. ಪ್ರೊಸೆಸರ್ ಅದನ್ನು ಒಂದು ಸಂಖ್ಯೆಯಿಂದ ಗುಣಿಸಿಕೊಳ್ಳುತ್ತದೆ. ಆ ಗುಣಕ 35 ಆದರೆ 3.5 ಗಿಗಾಹರ್ಟ್ಸ್, 38 ಆದರೆ 3.8 ಗಿಗಾಹರ್ಟ್ಸ್. ಕಂಪನಿ ನಿಗದಿ ಮಾಡಿದ ವೇಗಕ್ಕಿಂತ ಹೆಚ್ಚಿನ ವೇಗಕ್ಕೆ ಈ ಗುಣಕವನ್ನು ನಾವೇ ಏರಿಸುವುದೇ ಓವರ್‌ಕ್ಲಾಕ್.

ಇದು ಪುಕ್ಕಟೆ ಸಿಗುವುದಿಲ್ಲ. ವೇಗ ಏರಿಸಿದಾಗ ಪ್ರೊಸೆಸರ್ ಸ್ಥಿರವಾಗಿ ನಡೆಯಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಪ್ರೊಸೆಸರ್ ಉಪಯೋಗಿಸುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿ ಏರುತ್ತದೆ, ಆದರೆ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ವೇಗವನ್ನು 10 ಶೇಕಡಾ ಏರಿಸಲು ವೋಲ್ಟೇಜನ್ನೂ 10 ಶೇಕಡಾ ಏರಿಸಬೇಕಾಯಿತು ಎಂದಿಟ್ಟುಕೊಳ್ಳಿ. ಆಗ 1.1 × 1.1 × 1.1 = 1.331. ಅಂದರೆ 10 ಶೇಕಡಾ ವೇಗಕ್ಕೆ ಸುಮಾರು 33 ಶೇಕಡಾ ಹೆಚ್ಚು ವಿದ್ಯುತ್ತು, ಅಷ್ಟೇ ಹೆಚ್ಚು ಶಾಖ.

ಲಾಭ ಎಷ್ಟು? ಒಂದು ವಿಡಿಯೊ ಸಿದ್ಧವಾಗಲು 40 ನಿಮಿಷ ಬೇಕು ಎಂದುಕೊಳ್ಳೋಣ. ವೇಗ 10 ಶೇಕಡಾ ಏರಿದರೆ ಅದು ಹೆಚ್ಚೆಂದರೆ 36 ನಿಮಿಷ 22 ಸೆಕೆಂಡಿಗೆ ಇಳಿಯುತ್ತದೆ. ಉಳಿತಾಯ ಮೂರೂವರೆ ನಿಮಿಷ. ಅದೇ 4 ಕೋರ್‌ಗಳ ಬದಲು ಅದೇ ಬಗೆಯ 6 ಕೋರ್‌ಗಳಿದ್ದು ತಂತ್ರಾಂಶವೂ ಕೆಲಸವನ್ನು ಸಮನಾಗಿ ಹಂಚಿದರೆ 40 ನಿಮಿಷ ಸುಮಾರು 27ಕ್ಕೆ ಇಳಿಯಬಲ್ಲದು. ಆದ್ದರಿಂದ ಓವರ್‌ಕ್ಲಾಕ್ ಮಾಡುವುದು ಊಟದ ಜೊತೆಗಿನ ಉಪ್ಪಿನಕಾಯಿಯ ಹಾಗೆ. ಅದನ್ನೇ ಊಟ ಎಂದುಕೊಂಡು ಬಜೆಟ್ ಹಾಕಬಾರದು.

ಮೊದಲ ಪ್ರಶ್ನೆ: ಬೋರ್ಡ್ ಬದಲಿಸಲೇಬೇಕೇ?

ಅಂಗಡಿಗೆ ಹೋಗುವ ಮುನ್ನ ಟಾಸ್ಕ್ ಮ್ಯಾನೇಜರ್ ತೆರೆದು, ಕೆಲಸ ನಿಧಾನವಾದ ಹೊತ್ತಿನಲ್ಲಿ ಯಾವುದು ತುಂಬಿದೆ ಎಂದು ನೋಡಿ. ಮೆಮೊರಿ ತುಂಬಿದ್ದರೆ ಬೇಕಾಗಿರುವುದು ರ‍್ಯಾಮ್. ಡಿಸ್ಕ್ 100 ಶೇಕಡಾ ತೋರಿಸುತ್ತಿದ್ದು ನಿಮ್ಮಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಬೇಕಾಗಿರುವುದು ಎಸ್‌ಎಸ್‌ಡಿ. ಇವೆರಡಕ್ಕೂ ಮದರ್‌ಬೋರ್ಡ್ ಬದಲಿಸಬೇಕಿಲ್ಲ. ಪ್ರೊಸೆಸರ್ 100 ಶೇಕಡಾ ಮುಟ್ಟಿ ಅಲ್ಲೇ ನಿಂತಿದ್ದರೆ ಮಾತ್ರ ಮುಂದಿನ ಲೆಕ್ಕ.

ನಮ್ಮಲ್ಲಿ ಇದ್ದದ್ದು ಎಎಂಡಿಯ ರೈಜನ್ 3 2200ಜಿ. 2018ರಲ್ಲಿ ಬಂದ 4 ಕೋರ್‌ಗಳ ಪ್ರೊಸೆಸರ್. ಬೋರ್ಡ್ ಎ320 ಚಿಪ್‌ಸೆಟ್‌ನದು. ಮುಂದೆ ಹಾಕಬೇಕೆಂದಿರುವುದು ರೈಜನ್ 5 5600ಜಿ. ಅದಕ್ಕೆ 6 ಕೋರ್, 12 ಥ್ರೆಡ್. ಎರಡೂ ಎಎಂ4 ಎಂಬ ಒಂದೇ ಸಾಕೆಟ್‌ನಲ್ಲಿ ಕೂರುತ್ತವೆ. ಎರಡರೊಳಗೂ ಗ್ರಾಫಿಕ್ಸ್ ಇದೆ. ಇದು ಮುಖ್ಯ, ಏಕೆಂದರೆ ಹೆಸರಿನಲ್ಲಿ ಹತ್ತಿರದ ರೈಜನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ. ಅದನ್ನು ತಂದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುವವರೆಗೆ ಪರದೆಯ ಮೇಲೆ ಏನೂ ಬರುವುದಿಲ್ಲ. ಕೊನೆಯ ಒಂದು ಅಕ್ಷರ ಸಾವಿರಾರು ರೂಪಾಯಿಯ ವ್ಯತ್ಯಾಸ ಮಾಡುತ್ತದೆ.

ಸಾಕೆಟ್ ಒಂದೇ ಆದ ಮಾತ್ರಕ್ಕೆ ಪ್ರೊಸೆಸರ್ ನಡೆಯುತ್ತದೆ ಎಂದಲ್ಲ. ಬೋರ್ಡಿನ ಬಯಾಸ್‌ಗೆ ಆ ಪ್ರೊಸೆಸರ್ ಪರಿಚಯ ಇರಬೇಕು. ಪ್ರತಿ ಬೋರ್ಡಿಗೂ ತಯಾರಕರು ‘ಸಿಪಿಯು ಸಪೋರ್ಟ್ ಲಿಸ್ಟ್’ ಪ್ರಕಟಿಸುತ್ತಾರೆ. ಯಾವ ಪ್ರೊಸೆಸರ್‌ಗೆ ಯಾವ ಬಯಾಸ್ ಆವೃತ್ತಿ ಬೇಕು ಎಂದೂ ಅದರಲ್ಲಿರುತ್ತದೆ. ಕೆಲವು ಎ320 ಬೋರ್ಡುಗಳ ಪಟ್ಟಿಯಲ್ಲಿ 5600ಜಿ ಇದೆ. ನಿಮ್ಮ ಬೋರ್ಡ್ ಅಂಥದ್ದಾದರೆ ಬೋರ್ಡಿಗೆ ಒಂದು ರೂಪಾಯಿಯೂ ಖರ್ಚು ಮಾಡದೆ ಪ್ರೊಸೆಸರ್ ಮಾತ್ರ ಬದಲಿಸುವುದೇ ಜಾಣತನ. ನಮ್ಮ ಬೋರ್ಡಿನ ಪಟ್ಟಿಯಲ್ಲಿ ಅದು ಇರಲಿಲ್ಲ. ಹಾಗಾಗಿ ಬೋರ್ಡ್ ಬದಲಿಸುವುದು ಅನಿವಾರ್ಯವಾಯಿತು.

ಚಿಪ್‌ಸೆಟ್: ಅನುಮತಿ

ಓವರ್‌ಕ್ಲಾಕ್ ಮಾಡಲು ಪ್ರೊಸೆಸರ್ ಮತ್ತು ಬೋರ್ಡ್ ಎರಡರ ಒಪ್ಪಿಗೆಯೂ ಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್‌ಗಳ ಜೊತೆಗೆ ‘ಝಡ್’ ಸಾಲಿನ ಬೋರ್ಡ್ ಬೇಕು. ಝಡ್ ಬೋರ್ಡುಗಳು ದುಬಾರಿ. ಎಎಂಡಿಯ ರೈಜನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವುಗಳ ಗುಣಕ ತೆರೆದೇ ಇರುತ್ತದೆ. ‘ಬಿ’ ಸಾಲಿನ ಮಧ್ಯಮ ದರದ ಬೋರ್ಡುಗಳಲ್ಲೂ ಅದನ್ನು ಬದಲಿಸಬಹುದು. ಕಡಿಮೆ ಬಜೆಟ್‌ನವರು ಎಎಂಡಿಯ ಕಡೆ ನೋಡುವುದು ಇದಕ್ಕೇ.

ಎಎಂ4 ಸಾಕೆಟ್‌ನಲ್ಲಿ ನೆನಪಿಡಬೇಕಾದದ್ದು ಇಷ್ಟು. ಎ320 ಮತ್ತು ಎ520 ಬೋರ್ಡುಗಳಲ್ಲಿ ಎಎಂಡಿ ಪ್ರೊಸೆಸರ್ ಓವರ್‌ಕ್ಲಾಕ್‌ಗೆ ಅವಕಾಶ ಕೊಟ್ಟಿಲ್ಲ. ಬಿ350, ಬಿ450, ಬಿ550 ಬೋರ್ಡುಗಳಲ್ಲಿ ಕೊಟ್ಟಿದೆ. ಎಕ್ಸ್ ಸಾಲಿನಲ್ಲೂ ಇದೆ, ಆದರೆ ಅದು ನಮ್ಮ ಬಜೆಟ್‌ಗೆ ಮೀರಿದ್ದು. ಎ520 ಎಂಬುದು ಬಿ450ಕ್ಕಿಂತ ದೊಡ್ಡ ಸಂಖ್ಯೆ, ಹೊಸದು ಕೂಡ. ಹಾಗೆಂದು ಅದನ್ನು ಓವರ್‌ಕ್ಲಾಕ್‌ಗೆ ಕೊಂಡರೆ ಉದ್ದೇಶವೇ ಈಡೇರುವುದಿಲ್ಲ. ಸಂಖ್ಯೆಗಿಂತ ಮೊದಲು ಅಕ್ಷರ ಓದಿ.

2022ರಲ್ಲಿ ಬಂದ ಎಎಂ5 ಸಾಕೆಟ್ ಹೊಸ ತಲೆಮಾರಿನದು. ಅದಕ್ಕೆ ಡಿಡಿಆರ್5 ರ‍್ಯಾಮ್ ಬೇಕು. ಹಳೆಯ ಡಿಡಿಆರ್4 ಅದರ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಅಂದರೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಎಲ್ಲವನ್ನೂ ಹೊಸದಾಗಿ ಕೊಳ್ಳುವವರಿಗೆ ಎಎಂ5 ಒಳ್ಳೆಯದು, ಮುಂದಿನ ಪ್ರೊಸೆಸರ್‌ಗಳಿಗೂ ದಾರಿ ಇರುತ್ತದೆ. ಆದರೆ ಅಲ್ಲಿಯೂ ಎ620 ಬೋರ್ಡಿನಲ್ಲಿ ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ, ಬಿ650ರಲ್ಲಿ ಇದೆ. ಹಳೆಯ ರ‍್ಯಾಮ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಉಳಿಸಿಕೊಳ್ಳಬೇಕಾದ ನಮ್ಮಂಥವರಿಗೆ ಎಎಂ4 ಸಾಕು.

ವಿಆರ್‌ಎಂ: ತಾಳಿಕೆ

ಚಿಪ್‌ಸೆಟ್ ಅನುಮತಿ ಕೊಟ್ಟ ಮೇಲೆ ಆ ಹೊರೆಯನ್ನು ಹೊರುವವರು ಯಾರು? ಪ್ರೊಸೆಸರ್ ಸುತ್ತ ಚೌಕ ಚೌಕವಾದ ಸಣ್ಣ ಭಾಗಗಳ ಸಾಲು ಇರುತ್ತದೆ. ಅದೇ ವಿಆರ್‌ಎಂ, ಅಂದರೆ ವೋಲ್ಟೇಜ್ ಇಳಿಸುವ ವಿಭಾಗ. ಎಸ್‌ಎಂಪಿಎಸ್‌ನಿಂದ 12 ವೋಲ್ಟ್ ಬರುತ್ತದೆ. ಪ್ರೊಸೆಸರ್‌ಗೆ ಬೇಕಾದದ್ದು ಸುಮಾರು 1.2 ವೋಲ್ಟ್. ಪ್ರೊಸೆಸರ್ 84 ವಾಟ್ ಎಳೆಯುತ್ತಿದೆ ಎಂದುಕೊಳ್ಳಿ. 84ನ್ನು 12ರಿಂದ ಭಾಗಿಸಿದರೆ 7 ಆಂಪಿಯರ್. ಅದೇ 84ನ್ನು 1.2ರಿಂದ ಭಾಗಿಸಿದರೆ 70 ಆಂಪಿಯರ್! ಬೆರಳುದ್ದದ ಜಾಗದಲ್ಲಿ ಇಷ್ಟು ಕರೆಂಟ್ ಹರಿಯುತ್ತದೆ.

ಇದನ್ನು ಒಂದೇ ದಾರಿಯಲ್ಲಿ ಬಿಡದೆ ಹಲವು ದಾರಿಗಳಲ್ಲಿ ಹಂಚುತ್ತಾರೆ. ಈ ದಾರಿಗಳಿಗೆ ಫೇಸ್ ಎನ್ನುತ್ತಾರೆ. 70 ಆಂಪಿಯರನ್ನು 4 ಫೇಸ್‌ಗೆ ಹಂಚಿದರೆ ತಲಾ 17.5, 6 ಫೇಸ್‌ಗೆ ಹಂಚಿದರೆ ತಲಾ 11.7 ಆಂಪಿಯರ್. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಭಾಗಗಳು ಒಂದೇ ಗುಣಮಟ್ಟದವಾದರೆ 4ರ ಬದಲು 6 ದಾರಿಗಳಲ್ಲಿ ಹಂಚಿದಾಗ ಈ ಬಗೆಯ ಒಟ್ಟು ಶಾಖ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಒಬ್ಬನೇ ಹೊರುವ ಮೂಟೆಯನ್ನು ನಾಲ್ವರು, ಆರು ಜನ ಹಂಚಿಕೊಂಡ ಹಾಗೆ.

ಫೇಸ್‌ಗಳ ಸಂಖ್ಯೆಯನ್ನು ಪೆಟ್ಟಿಗೆಯ ಮೇಲಿನ ಅಕ್ಷರ ನೋಡಿ ನಂಬಬೇಡಿ. ಕೆಲವು ಬೋರ್ಡುಗಳಲ್ಲಿ ಕಾಣುವ ಚೌಕಗಳೆಲ್ಲ ಪ್ರೊಸೆಸರ್ ಕೋರ್‌ಗೆ ಸೇರಿದವಲ್ಲ. ಒಂದೆರಡು ಒಳಗಿನ ಗ್ರಾಫಿಕ್ಸ್ ಮತ್ತಿತರ ಭಾಗಗಳಿಗೆ ಮೀಸಲು. ಗುಣಮಟ್ಟ ಕೂಡ ಬೇರೆ ಬೇರೆ. ಅಂಗಡಿಯಲ್ಲಿ ಕಣ್ಣಿಗೆ ಕಾಣುವ ಗುರುತು ಹೀಟ್ ಸಿಂಕ್. ವಿಆರ್‌ಎಂ ಮೇಲೆ ಲೋಹದ ತುಂಡು ಕೂರಿಸಿದ್ದಾರೆಯೇ, ಅದನ್ನು ಸ್ಕ್ರೂ ಹಾಕಿ ಬಿಗಿದಿದ್ದಾರೆಯೇ ಎಂದು ನೋಡಿ. ಹೀಟ್ ಸಿಂಕ್ ಇಲ್ಲದ ಬೋರ್ಡ್ ಅಕ್ಕಪಕ್ಕದ ದರದಲ್ಲೇ ಇದ್ದರೆ ಓವರ್‌ಕ್ಲಾಕ್‌ಗೆ ಅದನ್ನು ಆರಿಸಬೇಡಿ. ವಿಆರ್‌ಎಂ ಅತಿಯಾಗಿ ಕಾದರೆ ಬೋರ್ಡ್ ತನ್ನ ರಕ್ಷಣೆಗಾಗಿ ಪ್ರೊಸೆಸರ್ ವೇಗವನ್ನೇ ಇಳಿಸುತ್ತದೆ. ವೇಗಕ್ಕಾಗಿ ಹಣ ಕೊಟ್ಟು ನಿಧಾನವನ್ನು ಮನೆಗೆ ತಂದಂತೆ.

ಇಲ್ಲೊಂದು ಸಣ್ಣ ಸಂಗತಿ. ಪ್ರೊಸೆಸರ್ ಜೊತೆಗೆ ಬರುವ ದುಂಡನೆಯ ಕೂಲರ್ ಗಾಳಿಯನ್ನು ಕೆಳಕ್ಕೆ ಊದುತ್ತದೆ, ಆ ಗಾಳಿ ವಿಆರ್‌ಎಂಗೂ ತಗಲುತ್ತದೆ. ಎತ್ತರದ ಟವರ್ ಕೂಲರ್ ಗಾಳಿಯನ್ನು ಪಕ್ಕಕ್ಕೆ ಕಳಿಸುತ್ತದೆ. ಪ್ರೊಸೆಸರ್ ತಣ್ಣಗಾದರೂ ವಿಆರ್‌ಎಂಗೆ ಗಾಳಿ ಸಿಗದೆ ಹೋಗಬಹುದು. ಟವರ್ ಕೂಲರ್ ಹಾಕುವುದಾದರೆ ಕ್ಯಾಬಿನೆಟ್‌ಗೆ ಒಂದು ಫ್ಯಾನ್ ಇರಲಿ.

ಬಳಸಲಾಗದ್ದಕ್ಕೆ ಹಣ ಬೇಡ

ಬಿ450 ಬೇಕೇ, ಬಿ550 ಬೇಕೇ? ಬಿ550 ಬಂದದ್ದು 2020ರಲ್ಲಿ. ಅದರ ದೊಡ್ಡ ಗುಣ ಪಿಸಿಐಇ 4.0. ವೇಗದ ಗ್ರಾಫಿಕ್ಸ್ ಕಾರ್ಡ್ ಮತ್ತು ಎಸ್‌ಎಸ್‌ಡಿಗೆ ಅದು ಅಗಲವಾದ ರಸ್ತೆ. ಆದರೆ 5600ಜಿ ಪ್ರೊಸೆಸರ್ ಪಿಸಿಐಇ 3.0ಕ್ಕೇ ನಿಲ್ಲುತ್ತದೆ. ರಸ್ತೆ ಎಷ್ಟೇ ಅಗಲವಾದರೂ ಸೇತುವೆ ಕಿರಿದಾಗಿದ್ದರೆ ಗಾಡಿ ಅಷ್ಟೇ ಹೋಗುವುದು. ಈ ಪ್ರೊಸೆಸರ್‌ಗೆ ಪಿಸಿಐಇ 4.0ರ ಸಲುವಾಗಿ ಹೆಚ್ಚು ಹಣ ಕೊಟ್ಟರೆ ಸೀಮಾಂತ ವೆಚ್ಚ ಸಾವಿರಾರು ರೂಪಾಯಿ, ಸೀಮಾಂತ ಲಾಭ ಸೊನ್ನೆ.

ಬಣ್ಣದ ದೀಪಗಳ ಮಾತೂ ಅದೇ. ವೈಫೈ ಬೇಕಾದರೆ ಯುಎಸ್‌ಬಿ ಅಡಾಪ್ಟರ್ ಆಮೇಲೆ ಸೇರಿಸಬಹುದು. ವಿಆರ್‌ಎಂ, ಚಿಪ್‌ಸೆಟ್, ರ‍್ಯಾಮ್ ಸ್ಲಾಟುಗಳ ಸಂಖ್ಯೆ, ಎಂ.2 ಸ್ಲಾಟ್ ಇವನ್ನು ಆಮೇಲೆ ಸೇರಿಸಲಾಗದು. ಆಮೇಲೆ ಬದಲಿಸಲಾಗದ್ದಕ್ಕೆ ಈಗ ಹಣ ಕೊಡಿ, ಆಮೇಲೆ ಸೇರಿಸಬಹುದಾದದ್ದಕ್ಕೆ ಆಮೇಲೆ ಕೊಡಿ. ನನ್ನ ಪ್ರಕಾರ ಬಜೆಟ್ ಬೋರ್ಡಿನ ಆಯ್ಕೆಗೆ ಈ ಒಂದು ನಿಯಮ ಸಾಕು.

ರ‍್ಯಾಮ್ ವಿಷಯ ಮರೆಯಬೇಡಿ. 2200ಜಿ, 5600ಜಿ ಎರಡರ ಗ್ರಾಫಿಕ್ಸ್ ಭಾಗಕ್ಕೂ ಸ್ವಂತ ಮೆಮೊರಿ ಇಲ್ಲ, ಅದು ರ‍್ಯಾಮ್‌ನಿಂದಲೇ ಪಾಲು ಪಡೆಯುತ್ತದೆ. ಡಿಡಿಆರ್4 3200ರ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್ ಹರಿಯುತ್ತದೆ. ಎರಡು ರ‍್ಯಾಮ್ ಕಡ್ಡಿಗಳನ್ನು ಸರಿಯಾದ ಸ್ಲಾಟುಗಳಲ್ಲಿ ಹಾಕಿದರೆ ಎರಡು ಚಾನೆಲ್, 51.2 ಗಿಗಾಬೈಟ್. ಹೀಗಾಗಿ 16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿಗಳು ಮೇಲು. ಪೆಟ್ಟಿಗೆಯ ಮೇಲೆ 3200 ಎಂದಿದ್ದರೂ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡದಿದ್ದರೆ ಅದು ಕಡಿಮೆ ವೇಗದಲ್ಲೇ ಓಡುತ್ತಿರಬಹುದು. ಇದನ್ನು ಆನ್ ಮಾಡಲು ಖರ್ಚೇನೂ ಇಲ್ಲ.

ಎರಡು ಹಂತದ ಖರೀದಿ

ನಮ್ಮ 9,000 ರೂಪಾಯಿಗೆ ಬೋರ್ಡ್ ಮತ್ತು ಪ್ರೊಸೆಸರ್ ಎರಡೂ ಬರುವುದಿಲ್ಲ. ಪ್ರೊಸೆಸರ್‌ಗೆ ಇನ್ನೊಂದು ಚೀಟಿಯವರೆಗೆ ಕಾಯಬೇಕು. ಅಲ್ಲಿಯವರೆಗೆ ಹೊಸ ಬೋರ್ಡಿನಲ್ಲಿ ಹಳೆಯ 2200ಜಿ ನಡೆಯಬೇಕು. ಬಿ550 ಬೋರ್ಡುಗಳ ಅಧಿಕೃತ ಬೆಂಬಲದಲ್ಲಿ 2200ಜಿ ಇಲ್ಲ. ಬಿ450 ಬೋರ್ಡುಗಳು ಅದೇ ಕಾಲದವು, 2018ರಲ್ಲಿ ಬಂದವು. ಬಯಾಸ್ ಅಪ್‌ಡೇಟ್ ಆದ ಮೇಲೆ ಬಹಳಷ್ಟು ಬಿ450 ಬೋರ್ಡುಗಳು 5600ಜಿಯನ್ನೂ ಒಪ್ಪುತ್ತವೆ. ಆದ್ದರಿಂದ ಎರಡು ಹಂತದಲ್ಲಿ ಕೊಳ್ಳುವವರಿಗೆ ದುಬಾರಿ ಬೋರ್ಡ್ ಕೆಲಸಕ್ಕೆ ಬಾರದು, ಅಗ್ಗದ ಬೋರ್ಡೇ ಸರಿ ಹೊಂದುತ್ತದೆ.

ನಾವು ಕೇಳಿದ ದರಗಳು ಹೀಗಿದ್ದವು. ವಿಆರ್‌ಎಂ ಮೇಲೆ ಹೀಟ್ ಸಿಂಕ್ ಇರುವ ಬಿ450 ಬೋರ್ಡ್ 6,200 ರೂಪಾಯಿ. ಹಳೆಯದಕ್ಕೆ ಜೋಡಿಯಾಗಿ 8 ಜಿಬಿ ರ‍್ಯಾಮ್ 1,800 ರೂಪಾಯಿ. ಕ್ಯಾಬಿನೆಟ್ ಫ್ಯಾನ್ ಮತ್ತು ಥರ್ಮಲ್ ಪೇಸ್ಟ್ 500 ರೂಪಾಯಿ. ಒಟ್ಟು 8,500. ಉಳಿದದ್ದು 500. ಬಿ550 ಬೋರ್ಡಿಗೆ ಮಾತ್ರವೇ 9,600 ಹೇಳಿದರು. ಅದರ ಅವಕಾಶ ವೆಚ್ಚ ಎಂದರೆ ಎರಡನೇ ರ‍್ಯಾಮ್, ಫ್ಯಾನ್ ಎರಡನ್ನೂ ಬಿಡಬೇಕು, ಮೇಲೆ 600 ರೂಪಾಯಿ ಹುಡುಕಬೇಕು. ದರ ತಿಂಗಳಿಂದ ತಿಂಗಳಿಗೆ, ಅದರಲ್ಲೂ ರ‍್ಯಾಮ್ ದರ, ಏರಿಳಿಯುತ್ತದೆ. ನೀವು ಕೊಳ್ಳುವ ದಿನದ ಅಂಕಿ ಹಾಕಿ ಇದೇ ಲೆಕ್ಕ ಮಾಡಿ.

ಲೆಕ್ಕದ ಹಾಳೆಯನ್ನು ಆಪಾಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಮದುವೆ ಸೀಸನ್‌ನಲ್ಲಿ ಮಧ್ಯದಲ್ಲಿ ನಿಲ್ಲುವುದಿಲ್ಲ ತಾನೇ?” ಆ ಪ್ರಶ್ನೆಯಿಂದಲೇ ನಾವು ಎಷ್ಟು ಓವರ್‌ಕ್ಲಾಕ್ ಮಾಡಬೇಕು ಎಂಬುದು ತೀರ್ಮಾನವಾಯಿತು. 2200ಜಿಯನ್ನು 3.8 ಗಿಗಾಹರ್ಟ್ಸ್‌ಗೆ ಮಾತ್ರ ಏರಿಸಿದೆವು. ಇನ್ನೂ ಏರಿಸಬಹುದಿತ್ತು. ಆದರೆ ಮುಂದಿನ ಪ್ರತಿ ಹೆಜ್ಜೆಗೂ ಹೆಚ್ಚು ವೋಲ್ಟೇಜ್ ಬೇಕು, ಸಿಗುವ ಲಾಭ ಕಡಿಮೆ. ಸಂಪಾದನೆಯ ಯಂತ್ರಕ್ಕೆ ಎರಡು ನಿಮಿಷದ ಉಳಿತಾಯಕ್ಕಿಂತ ಭರವಸೆ ದೊಡ್ಡದು.

ಬೋರ್ಡ್ ಬಂದ ಮೇಲೆ

ಮೊದಲು ಹಳೆಯ ಪ್ರೊಸೆಸರ್ ಹಾಕಿಕೊಂಡೇ ಬಯಾಸ್ ಅಪ್‌ಡೇಟ್ ಮಾಡಿ. ಹೊಸ ಬಯಾಸ್ ನಿಮ್ಮ ಹಳೆಯ ಪ್ರೊಸೆಸರನ್ನು ಕೈಬಿಟ್ಟಿಲ್ಲ ಎಂದು ಪಟ್ಟಿಯಲ್ಲಿ ಖಚಿತ ಮಾಡಿಕೊಳ್ಳಿ. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಏಳದೇ ಹೋಗಬಹುದು. ಆದ್ದರಿಂದ ಯುಪಿಎಸ್ ಇರುವ ಕಡೆ ಮಾಡಿ.

ಗುಣಕವನ್ನು ಒಮ್ಮೆಲೇ ಏರಿಸದೆ ಸ್ವಲ್ಪ ಸ್ವಲ್ಪವಾಗಿ ಏರಿಸಿ. ಪ್ರತಿ ಹಂತದಲ್ಲೂ ನಿಮ್ಮ ನಿಜವಾದ ಕೆಲಸವನ್ನೇ ಒಂದು ಗಂಟೆ ಓಡಿಸಿ, ತಾಪಮಾನ ನೋಡಿ. 2200ಜಿ, 5600ಜಿ ಎರಡಕ್ಕೂ ಎಎಂಡಿ ಹೇಳಿರುವ ಗರಿಷ್ಠ ಮಿತಿ 95 ಡಿಗ್ರಿ ಸೆಲ್ಸಿಯಸ್. ನಾವು 80ರ ಒಳಗೆ ಇರಿಸಿಕೊಂಡೆವು, ಏಕೆಂದರೆ ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೂ ಜಾಗ ಬಿಡಬೇಕು. ಕಂಪ್ಯೂಟರ್ ಏಳದಿದ್ದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡಿನ ನಾಣ್ಯದಂಥ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ ಸಾಮಾನ್ಯವಾಗಿ ಹಳೆಯ ಸೆಟ್ಟಿಂಗ್ ಮರಳುತ್ತದೆ.

ಒಂದು ಎಚ್ಚರಿಕೆ. ಓವರ್‌ಕ್ಲಾಕ್‌ನಿಂದ ಆದ ಹಾನಿಗೆ ಎಎಂಡಿ ವಾರಂಟಿ ಅನ್ವಯಿಸುವುದಿಲ್ಲ. ಇದನ್ನು ಮನೆಯ ಹಿರಿಯರಿಗೆ ಮೊದಲೇ ಹೇಳಿ, ಒಪ್ಪಿಗೆ ಪಡೆದು ಮಾಡಿ. ಹಣ ಅವರದು, ಅಪಾಯ ಗೊತ್ತಿರುವುದು ಅವರ ಹಕ್ಕು.

ಅಂಗಡಿಗೆ ಹೋಗುವ ಮುನ್ನ

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಅಥವಾ ನಮ್ಮೂರಿನ ಅಂಗಡಿಗೇ ಹೋಗಿ, ಈ ಆರು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಹೋಗಿ:

1. ನಿಧಾನಕ್ಕೆ ಕಾರಣ ನಿಜವಾಗಿ ಪ್ರೊಸೆಸರೇ?
2. ನನ್ನ ಈಗಿನ ಬೋರ್ಡೇ ಹೊಸ ಪ್ರೊಸೆಸರನ್ನು ಒಪ್ಪುತ್ತದೆಯೇ?
3. ಹೊಸ ಬೋರ್ಡಿನ ಚಿಪ್‌ಸೆಟ್ ಓವರ್‌ಕ್ಲಾಕ್‌ಗೆ ಅವಕಾಶ ಕೊಡುತ್ತದೆಯೇ?
4. ವಿಆರ್‌ಎಂ ಮೇಲೆ ಹೀಟ್ ಸಿಂಕ್ ಇದೆಯೇ?
5. ನಾನು ಹಣ ಕೊಡುತ್ತಿರುವ ಪ್ರತಿ ಸೌಲಭ್ಯವನ್ನೂ ನನ್ನ ಪ್ರೊಸೆಸರ್ ಬಳಸಬಲ್ಲದೇ?
6. ಬೋರ್ಡ್, ರ‍್ಯಾಮ್, ಫ್ಯಾನ್ ಎಲ್ಲ ಸೇರಿ ಮೊತ್ತ ಎಷ್ಟು?

ಕೊನೆಗೆ ವಾಣಿಜ್ಯ ವಿಭಾಗದ ಮಾತು: ಜಿಎಸ್‌ಟಿ ಬಿಲ್ ಇಲ್ಲದೆ ಬೋರ್ಡ್ ತರಬೇಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಪೆಟ್ಟಿಗೆಯ ಮೇಲಿನ ನಂಬರ್ ಜೊತೆ ತಾಳೆ ನೋಡಿ. ಬಿಲ್ ಬೇಡವೆಂದರೆ ಸ್ವಲ್ಪ ಕಡಿಮೆ ಮಾಡಿಕೊಡುತ್ತೇವೆ ಎನ್ನುವವರು ಸಿಗಬಹುದು. ಆ ಸ್ವಲ್ಪಕ್ಕೆ ನೀವು ಮಾರುತ್ತಿರುವುದು ಬೋರ್ಡಿನ ಪೂರ್ತಿ ವಾರಂಟಿಯನ್ನು. ನಿಮ್ಮ ಬೋರ್ಡಿನ ಸಪೋರ್ಟ್ ಲಿಸ್ಟ್ ಓದಲು ಯಾರಿಗಾದರೂ ಕಷ್ಟವಾದರೆ ಮಾಡೆಲ್ ಹೆಸರು ಬರೆದುಕೊಂಡು ಬನ್ನಿ, ಮಧ್ಯಾಹ್ನದ ವಿರಾಮದಲ್ಲಿ ಕುಳಿತು ಒಟ್ಟಿಗೆ ಓದೋಣ.